ನೆಲ ಕುಡಿದ ನೀರು

ನೀರಕ್ಕನ ಬಲಗಾಲು ಅಡುಗೆಮನೆಯ ನೆಲದೊಳಗೆ ಮೊಣಕಾಲಿನವರೆಗೆ ಇಳಿದಾಗ ಬೆಳಿಗ್ಗೆ ಏಳು ಗಂಟೆ. ಕೈಯಲ್ಲಿ ಬಕೆಟ್ಟಿತ್ತು. ಕಾಲು ಹೋದರೂ ಬಕೆಟ್ಟು ಬಿಡಲಿಲ್ಲ. ನೀರು ಚೆಲ್ಲೀತು ಎಂಬ ಭಯಕ್ಕಲ್ಲ. ಚೆಲ್ಲುವುದಕ್ಕೆಂದೇ ತಂದ ನೀರು ಅದು. ಹಿಡಿದದ್ದನ್ನು ಬಿಡುವ ಜಾಯಮಾನ ಅವಳದಲ್ಲ, ಅಷ್ಟೆ.

ಸದ್ದೇ ಆಗಲಿಲ್ಲ. ಮರ ಮುರಿದರೆ ಪಟ್ ಎನ್ನಬೇಕು. ಈ ಹಲಗೆ ಚಹಾದಲ್ಲಿ ನೆನೆದ ಬಿಸ್ಕತ್ತಿನ ಹಾಗೆ ಮೆತ್ತಗೆ ಜಾಗ ಬಿಟ್ಟುಕೊಟ್ಟಿತು.

ಅವಳು ಕೂಗಿದ್ದು ಕೇಳಿ ಪಕ್ಕದ ಮನೆಯವರು ಮೈದುನನನ್ನು ಕರೆತಂದರು. ಅವನ ಮನೆ ಅದೇ ಬೀದಿಯ ಆ ತುದಿಯಲ್ಲಿ.

"ಅಯ್ಯೋ ಅತ್ತಿಗೆ, ಏನಾಯ್ತು?"

"ಕಾಣಲ್ವಾ? ನೆಲ ಬಾಯಿ ಬಿಟ್ಟಿದೆ, ನಾನು ಕಾಲು ಕೊಟ್ಟಿದ್ದೀನಿ. ಮಾತು ಆಮೇಲೆ, ಮೊದಲು ಎಳಿ."

ಎಳೆದ. ಕಾಲು ತರಚಿತ್ತು, ಮುರಿದಿರಲಿಲ್ಲ. ಮೈದುನ ತೂತಿನೊಳಗೆ ಇಣುಕಿ ಮೂಗು ಮುಚ್ಚಿಕೊಂಡ.

"ನಾನು ಅವತ್ತೇ ಹೇಳ್ಲಿಲ್ವಾ? ಒಬ್ಬರೇ ಇರ್ಬೇಡಿ, ನಮ್ಮನೆಗೆ ಬಂದುಬಿಡಿ ಅಂತ."

"ಒಬ್ಬಳೇ ಇದ್ದಿದ್ದಕ್ಕೆ ಮುರೀತಾ ಇದು? ಇಬ್ಬರಿದ್ದಿದ್ರೆ ಇಬ್ಬರೂ ಬೀಳ್ತಿದ್ವಿ."

ಮೈದುನ ಕೆಟ್ಟವನಲ್ಲ. ಆದರೆ ಅವನ ತಲೆಯಲ್ಲಿ ಎಲ್ಲದಕ್ಕೂ ಉತ್ತರ ಸಿದ್ಧವಾಗಿರುತ್ತಿತ್ತು. ಹಲಗೆ ಎಲ್ಲ ಕಿತ್ತು ಹಾಕುವುದು, ಕೆಳಗಿನ ಜಾಗಕ್ಕೆ ಕಲ್ಲು ಮಣ್ಣು ತುಂಬುವುದು, ಮೇಲೆ ಸಿಮೆಂಟು ಸುರಿಯುವುದು. ಆಮೇಲೆ ಯಾರಿಗಾದರೂ ಅಂಗಡಿಗೆ ಕೊಡುವುದು. ಅತ್ತಿಗೆ ತನ್ನ ಮನೆಯ ಹಿಂದಿನ ಕೋಣೆಯಲ್ಲಿ ಹಾಯಾಗಿರುವುದು. ಮನೆ ಅಣ್ಣತಮ್ಮಂದಿರಿಬ್ಬರ ಹೆಸರಿನಲ್ಲಿತ್ತು. ಅಣ್ಣ ಹೋಗಿ ಹದಿನಾಲ್ಕು ತಿಂಗಳಾಗಿತ್ತು. ತಮ್ಮನ ಮಾತಿಗೆ ತೂಕವಿತ್ತು.

ಆ ಹಿಂದಿನ ಕೋಣೆಯನ್ನು ನೀರಕ್ಕ ನೋಡಿದ್ದಳು. ಕೆಟ್ಟುಹೋದ ಫ್ರಿಜ್ಜು, ಗಾಳಿ ಇಳಿದ ಸೈಕಲ್ಲು, ಯಾರೂ ಹಾಕದ ಹಳೆಯ ಕೋಟುಗಳು. ಬಳಸಿ ಮುಗಿದ ಸಾಮಾನಿಡುವ ಜಾಗ. ಅಲ್ಲಿ ತನಗೂ ಒಂದು ಮೂಲೆ.

"ಬಡಗಿಗೆ ತೋರಿಸ್ತೀನಿ ಮೊದ್ಲು," ಎಂದಳು.

"ತೋರಿಸಿ. ಒಂದು ತಿಂಗಳು ನೋಡ್ತೀನಿ ಅತ್ತಿಗೆ. ಆಗ್ಲಿಲ್ಲ ಅಂದ್ರೆ ಸಿಮೆಂಟೇ."

*

ಬೀದಿಯವರು ಅವಳನ್ನು ನೀರಕ್ಕ ಎಂದು ಕರೆಯಲು ಶುರುಮಾಡಿ ಇಪ್ಪತ್ತು ವರ್ಷವಾಗಿತ್ತು. ಅವಳು ಹುಟ್ಟಿದ್ದು ಕಲ್ಲುಚಪ್ಪಡಿ ಹಾಸಿದ ಮನೆಯಲ್ಲಿ. ಅಮ್ಮ ದಿನಾ ನಾಲ್ಕು ಕೊಡ ನೀರು ಸುರಿದು ಪೊರಕೆಯಲ್ಲಿ ತಳ್ಳುತ್ತಿದ್ದಳು. ಮೂಲೆಯಲ್ಲೊಂದು ತೂತು, ನೀರು ಅದರಿಂದ ಹೊರಗೆ. ಹೆಂಗಸಿನ ಮುಖ ನೋಡಬೇಡ, ಅವಳ ಮನೆ ನೆಲ ನೋಡು ಎನ್ನುತ್ತಿದ್ದಳು ಅಮ್ಮ. ಶಾಲೆ ನಾಲ್ಕನೆಯ ತರಗತಿಗೆ ನಿಂತಿತು. ನೆಲದ ಪಾಠ ನಿಲ್ಲಲಿಲ್ಲ. ಬೆಳೆದ ಮೇಲೆ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೋಣೆಯ ಕೆಲಸ ಸಿಕ್ಕಿತು. ರಕ್ತದ ಹಾಸಿಗೆಬಟ್ಟೆ, ವಾಂತಿಯ ಹಾಸಿಗೆಬಟ್ಟೆ. ಯಾವ ಕಲೆಯಾದರೂ ನೀರು ಸುರಿದಷ್ಟೂ ಹೋಗುತ್ತದೆ ಎಂದು ಅವಳ ಕೈಗೆ ಗೊತ್ತಾಯಿತು. ಕೈಗೆ ಗೊತ್ತಾದದ್ದನ್ನು ತಲೆ ಪ್ರಶ್ನೆ ಮಾಡುವುದಿಲ್ಲ.

ಮದುವೆಯಾಗಿ ಬಂದ ಮನೆಗೆ ಮರದ ನೆಲ. ಮಾವ ಕಟ್ಟಿಸಿದ್ದು. ಎರಡಡಿ ಎತ್ತರದ ಕಲ್ಲಿನ ಪಾಯದ ಮೇಲೆ ಹನ್ನೊಂದು ತೊಲೆ, ತೊಲೆಗಳ ಮೇಲೆ ಹಲಗೆ. ಬಂದ ಮಾರನೆಯ ದಿನ ಬಕೆಟ್ಟು ಹಿಡಿದು ನೀರು ಹೋಗುವ ತೂತು ಹುಡುಕಿದಳು. ಇರಲಿಲ್ಲ. ಸುರಿದೇಬಿಟ್ಟಳು. ಸ್ವಲ್ಪ ನೀರು ಬಾಗಿಲಿನಿಂದ ಆಚೆ ಹೋಯಿತು. ಉಳಿದದ್ದು ಹಲಗೆಗಳ ಸಂದಿನಲ್ಲಿ ಮಾಯವಾಯಿತು. ಎಂಥ ಒಳ್ಳೆಯ ನೆಲ, ಕೊಳೆನೀರನ್ನು ತಾನೇ ಕುಡಿಯುತ್ತದೆ ಎಂದುಕೊಂಡಳು. ಅಂದಿನಿಂದ ದಿನಕ್ಕೊಂದು ಸಲ, ಅಡುಗೆಮನೆಗೆ ಎರಡು ಸಲ.

ಅತ್ತೆ ಅದಕ್ಕಿಂತ ಮೊದಲು ಒದ್ದೆಬಟ್ಟೆ ಹಿಂಡಿ ಒರೆಸುತ್ತಿದ್ದವಳು. ಅವಳಿಗಾದರೂ ಗೊತ್ತಿರಬೇಕಿತ್ತು. ಆದರೆ ಮಂಡಿ ನೋಯುತ್ತಿದ್ದವಳಿಗೆ ಒರೆಸುವುದಕ್ಕಿಂತ ಹೊಗಳುವುದು ಸುಲಭ. "ನಮ್ಮ ಸೊಸೆ ತೊಳೆದ ನೆಲದ ಮೇಲೆ ಉಣ್ಣೋಕೆ ತಟ್ಟೇನೇ ಬೇಡ" ಎಂದು ಸಾಯುವ ತನಕ ಬೀದಿಗೆಲ್ಲ ಹೇಳಿದಳು. ಸೊಸೆ ಇನ್ನೊಂದು ಬಕೆಟ್ಟು ಹೆಚ್ಚಿಗೆ ಸುರಿದಳು.

ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು, ಅದರಲ್ಲಿ ನಾಲ್ಕು "ಹೂಂ". ಜಗಳಕ್ಕೆ ಬಾರದ ಮನುಷ್ಯ. ಎದುರು ಬೈದರೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗುತ್ತಿದ್ದ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಹಾಗೆಂದವರು ಅಂಥವನ ಜೊತೆ ಸಂಸಾರ ಮಾಡಿ ನೋಡಬೇಕು. ಭಾನುವಾರ ಮಧ್ಯಾಹ್ನ ಮನೆಯ ಹಿಂದೆ ಹೋಗಿ, ನೆಲದಡಿಯ ಸಣ್ಣ ಬಾಗಿಲು ತೆಗೆದು ಒಳಗೆ ತೆವಳುತ್ತಿದ್ದ. ಕೇಳಿದರೆ "ಬೆಕ್ಕು ಮರಿ ಹಾಕಿದೆಯೇನೋ ನೋಡ್ತೀನಿ" ಎನ್ನುತ್ತಿದ್ದ. ವರ್ಷವಿಡೀ ಮರಿ ಹಾಕುವ ಬೆಕ್ಕು ಯಾವುದು? ಕದ್ದು ಬೀಡಿ ಸೇದುತ್ತಾನೆ ಎಂದು ಅವಳು ಸುಮ್ಮನಿದ್ದಳು.

ಒಂದು ದಿನ ಡಿಪೋದಲ್ಲಿ ಬಸ್ಸಿನಡಿ ಮಲಗಿ ಕೆಲಸ ಮಾಡುತ್ತಿದ್ದವನು ಎದ್ದು ಬರಲಿಲ್ಲ. ಊಟಕ್ಕೆ ಕರೆಯಲು ಹೋದವರು ಕಾಲು ಹಿಡಿದು ಅಲ್ಲಾಡಿಸಿದರಂತೆ. ಎದೆ ನಿಂತಿತ್ತು. ಅಲ್ಲಿಯೂ ಒಂದು ಮಾತು ಹೇಳದೆ ಹೋದ.

*

ಬಡಗಿ ಕುಳ್ಳ, ವಯಸ್ಸಾದವನು, ಕನ್ನಡಕಕ್ಕೆ ದಾರ ಕಟ್ಟಿಕೊಂಡವನು. ತೂತಿನ ಸುತ್ತ ಸ್ಕ್ರೂಡ್ರೈವರ್ ಚುಚ್ಚಿ ನೋಡಿದ. ಬಾಳೆಹಣ್ಣಿಗೆ ಹೋದ ಹಾಗೆ ಹೋಯಿತು. ಒಂದು ಚೂರು ಮರ ಕಿತ್ತು ಬೆರಳಲ್ಲಿ ಉಜ್ಜಿದ. ಪುಡಿಯಾಯಿತು.

"ಗೆದ್ದಲಾ ಮೇಸ್ತ್ರಿ?"

"ಗೆದ್ದಲಾಗಿದ್ರೆ ಔಷಧಿ ಹೊಡ್ದು ಮನೆಗೆ ಹೋಗ್ತಿದ್ದೆ. ಇದು ಬೂಸ್ಟು. ನೀರು ಕುಡ್ದು ಕೊಬ್ಬಿದೆ. ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು ಅಂತಾರಲ್ಲ, ನಿಮ್ಮ ನೆಲ ನೋಡೇ ಹೇಳಿರ್ಬೇಕು."

ಹಿಂದಿನ ಬಾಗಿಲಿನಿಂದ ಟಾರ್ಚು ಹಿಡಿದು ಒಳಗೆ ತೆವಳಿದ. ನೀರಕ್ಕ ಮೇಲೆ, ತೂತಿನ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಕಾಲಡಿಯಿಂದ ಮಾತು ಬಂತು.

"ಅಕ್ಕಾ, ನಿಮ್ಮ ಯಜಮಾನ್ರು ಏನು ಕೆಲಸ ಮಾಡ್ತಿದ್ರು?"

"ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು. ಯಾಕೆ?"

"ಹಾಗನ್ನಿ! ದಾರಿ ತಪ್ಪಿ ಬಸ್ಸಿನ ಕೆಳಗೇನಾದ್ರೂ ಬಂದ್ನಾ ಅಂದ್ಕೊಂಡೆ. ಇಲ್ಲಿ ಒಂದು ಜಾಕಿದೆ. ನಿಮ್ಮ ಮನೆ ಜಾಕಿನ ಮೇಲೆ ನಿಂತಿದೆ ಅಕ್ಕಾ."

"ಏನು?"

"ಜಾಕು, ಜಾಕು. ಬಸ್ಸಿನ ಚಕ್ರ ಬಿಚ್ಚುವಾಗ ಎತ್ತುತ್ತಾರಲ್ಲ, ಅದು. ತೊಲೆ ಕೊಳೆತಲ್ಲೆಲ್ಲ ಕಬ್ಬಿಣದ ಪಟ್ಟಿ ಕಟ್ಟಿದಾರೆ. ಬಸ್ಸಿಂದೇ ಪಟ್ಟಿ. ಟಯರಿನ ತುಂಡು ಬೇರೆ ಮೆತ್ತೆ ಹಾಕಿದಾರೆ. ಕೆಲಸ ಅಚ್ಚುಕಟ್ಟು. ಮರದ ಕೆಲಸ ಅಲ್ಲ, ಆದ್ರೂ ಅಚ್ಚುಕಟ್ಟು. ಏಳೆಂಟು ವರ್ಷದ್ದು ಇರ್ಬೇಕು."

ನೀರಕ್ಕ ತೂತಿನ ಅಂಚು ಹಿಡಿದುಕೊಂಡಳು.

"ಈ ಜಾಕು ನಿಂತಲ್ಲೇ ನಿಲ್ಲಲ್ಲ, ಮೆಲ್ಲಗೆ ಇಳೀತಾ ಇರುತ್ತೆ," ಎಂದ ಬಡಗಿ. "ವಾರಕ್ಕೊಂದ್ಸಲ ಒತ್ತಿ ಎತ್ತಬೇಕು. ಒತ್ತೋರು ಹೋದ್ರು, ಇದು ನಾಲ್ಕು ಬೆರಳು ಇಳ್ದಿದೆ. ಅದಕ್ಕೇ ನಿಮ್ಮ ಕಾಲು ಹೋಗಿದ್ದು. ಇಲ್ಲೊಂದು ಬೆಂಕಿಪೊಟ್ಟಣಾನೂ ಇದೆ. ಬೀಡಿ ತುಂಡು ಎಣಿಸ್ಲಾ?"

"ಬೇಡ," ಎಂದಳು.

ಬಡಗಿ ಮೈತುಂಬ ಮಣ್ಣು ಮೆತ್ತಿಕೊಂಡು ಹೊರಗೆ ಬಂದ. ಕೈಯಲ್ಲಿ ನಾಲ್ಕು ತಗಡಿನ ತುಂಡು. ಅವನ್ನು ಅವಳ ಮುಂದೆ ಒಂದೊಂದಾಗಿ ಇಟ್ಟ.

"ಪಾಯದಲ್ಲಿ ನಾಲ್ಕು ಗಾಳಿಕಿಂಡಿ ಬಿಟ್ಟಿದಾರೆ ನಿಮ್ಮ ಮಾವ. ಬುದ್ಧಿವಂತ. ಕೆಳಗಿನ ತೇವ ಗಾಳಿಗೆ ಹೋಗ್ಲಿ ಅಂತ. ನಾಲ್ಕಕ್ಕೂ ತಗಡು ಹೊಡ್ದಿದಾರೆ ನಿಮ್ಮ ಯಜಮಾನ್ರು. ಯಾಕೆ?"

ಯಾಕೆಂದು ಅವಳಿಗೆ ಆ ಗಳಿಗೆಯಲ್ಲೇ ಹೊಳೆಯಿತು. ಅಂಗಳ ಗುಡಿಸುವಾಗ ಬಗ್ಗಿದರೆ ಆ ಕಿಂಡಿಗಳಿಂದ ಒಳಗೆ ಕಾಣುತ್ತಿತ್ತು. ಜಾಕು ಕಂಡರೆ ಅವಳು ಕೇಳುತ್ತಿದ್ದಳು. ಕೇಳಿದರೆ ಅವನು ಹೇಳಬೇಕಾಗುತ್ತಿತ್ತು.

"ನನಗೆ ಕಾಣಬಾರದು ಅಂತ," ಎಂದಳು.

ಬಡಗಿ ಕನ್ನಡಕ ಒರೆಸಿಕೊಂಡ. "ನೀವು ಮೇಲಿಂದ ನೀರು ಸುರಿದ್ರಿ, ಅವರು ಕೆಳಗಿಂದ ಗಾಳಿ ಮುಚ್ಚಿದ್ರು. ಒಳ್ಳೆ ಸಂಸಾರ ಮಾಡಿದ್ದೀರಿ ಇಬ್ಬರೂ."

ನೀರಕ್ಕನಿಗೆ ಅಳು ಬರಲಿಲ್ಲ. ಸಿಟ್ಟು ಬಂತು. ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ಗಂಡನ ಮೇಲೆ ಸಿಟ್ಟು.

"ಬಾಯಿರ್ಲಿಲ್ವಾ ಆ ಮನುಷ್ಯನಿಗೆ? ನೀರು ಹಾಕ್ಬೇಡ ಕಣೇ ಅನ್ನೋಕೆ ಎಷ್ಟು ಹೊತ್ತು ಬೇಕು? ಏಳು ವರ್ಷ ಜಾಕು ಒತ್ತೋ ಬದಲು ಒಂದು ಮಾತು ಆಡಬಾರದಿತ್ತಾ?"

"ಅದು ನನ್ನ ಕೆಲಸಕ್ಕೆ ಸಂಬಂಧಪಟ್ಟಿದ್ದಲ್ಲ ಅಕ್ಕಾ," ಎಂದ ಬಡಗಿ. "ನನ್ನ ಕೆಲಸ ಇಷ್ಟು. ಮೂರು ತೊಲೆ ಹೋಗಿವೆ, ಎಂಟು ಗಟ್ಟಿ ಇವೆ. ಮನೆ ಉಳಿಯುತ್ತೆ. ಆದ್ರೆ ಇವತ್ತೇ ಮಾಡಲ್ಲ. ಒದ್ದೆ ನೆಲದ ಮೇಲೆ ಹೊಸ ಮರ ಇಟ್ರೆ ಎರಡು ವರ್ಷಕ್ಕೆ ಮತ್ತೆ ನನ್ನನ್ನೇ ಬೈತೀರಿ. ಒಂದು ತಿಂಗಳು ಕಿಂಡಿ ತೆರೆದಿರಲಿ. ಒಂದು ತೊಟ್ಟು ನೀರು ಕೆಳಗೆ ಬೀಳಬಾರದು. ಒಣಗಿದ್ರೆ ಬಂದು ಮಾಡ್ತೀನಿ. ಒಣಗ್ಲಿಲ್ಲ ಅಂದ್ರೆ ನಿಮ್ಮ ಮೈದುನ ಹೇಳಿದ್ದೇ ಸರಿ, ತುಂಬಿಸಿಬಿಡಿ."

*

ಮೊದಲ ವಾರ ಅವಳಿಗೆ ಮನೆಯೊಳಗೆ ಕಾಲಿಡಲೇ ಹೇಸಿಗೆಯಾಯಿತು. ಗುಡಿಸಿದಳು, ಬಟ್ಟೆ ಹಿಂಡಿ ಹಿಂಡಿ ಒರೆಸಿದಳು. ಬಟ್ಟೆಯಲ್ಲಿ ನೀರಿಲ್ಲ ಎಂದು ಖಾತ್ರಿಯಾಗಲು ಕೆನ್ನೆಗೆ ಒತ್ತಿ ನೋಡಿದಳು. ಎಷ್ಟು ಒರೆಸಿದರೂ ಅಂಗಾಲಿಗೆ ಮರಳು ಸಿಕ್ಕಿದ ಹಾಗೆ. ಆಸ್ಪತ್ರೆಯಲ್ಲಿ ದಿನವಿಡೀ ನೀರಿನಲ್ಲಿ ಕೈ, ಮನೆಗೆ ಬಂದರೆ ಒಣ ಪೊರಕೆ. ಕೈ ತುರಿಸುತ್ತಿತ್ತು. ಸ್ನಾನದ ಮನೆಗೆ ಸಿಮೆಂಟಿನ ನೆಲ. ಅದನ್ನು ದಿನಕ್ಕೆ ಮೂರು ಸಲ ತೊಳೆದು ಸಮಾಧಾನ ಮಾಡಿಕೊಂಡಳು.

ಪಾತ್ರೆ ತೊಳೆಯುವ ತೊಟ್ಟಿಯ ಕೊಳವೆ ಹನಿಯುತ್ತಿತ್ತು. ಎಷ್ಟು ವರ್ಷದಿಂದಲೋ. ನೆಲವೇ ಒದ್ದೆಯಿದ್ದಾಗ ಹನಿ ಯಾರಿಗೆ ಕಾಣುತ್ತದೆ? ಈಗ ಕಂಡಿತು. ತಾನೇ ಸೆಣಬು ಸುತ್ತಿ ಬಿಗಿದಳು. ಬಚ್ಚಲಿನ ನೀರು ಗೋಡೆಯ ಬುಡಕ್ಕೇ ಬೀಳುವುದು ಕಂಡಿತು. ಮೂರಡಿ ಉದ್ದದ ಕೊಳವೆ ಸಿಕ್ಕಿಸಿ ಆಚೆಗೆ ಬಿಟ್ಟಳು. ಗೋಡೆಗೆ ಒರಗಿಸಿದ್ದ ಸೌದೆ ರಾಶಿ ಕಿಂಡಿಗೆ ಅಡ್ಡವಿತ್ತು. ಅದನ್ನೂ ಎಳೆದು ಹಾಕಿದಳು. ಪ್ರತಿ ಕೆಲಸಕ್ಕೂ ಗಂಡನನ್ನು ಬೈದಳು. "ಇದನ್ನಾದ್ರೂ ಮಾಡಬಾರದಿತ್ತಾ? ಜಾಕು ತರೋಕೆ ಬರುತ್ತೆ, ಕೊಳವೆ ಬಿಗಿಯೋಕೆ ಬರಲ್ಲ."

ಹತ್ತೊಂಬತ್ತನೆಯ ದಿನ ಮೈದುನ ಸಿಮೆಂಟಿನವನನ್ನು ಕರೆದುಕೊಂಡು ಬಂದ.

"ತಿಂಗಳಾಗಿಲ್ಲವಲ್ಲಪ್ಪ ಇನ್ನೂ."

"ಸುಮ್ನೆ ಅಳತೆಗೆ ಅತ್ತಿಗೆ. ಅಳೆದ್ರೆ ನೆಲ ಸವೆಯುತ್ತಾ?"

ಸಿಮೆಂಟಿನವನು ಬೂಟು ಕಾಲಲ್ಲೇ ಕೋಣೆಯಿಂದ ಕೋಣೆಗೆ ಓಡಾಡಿದ. ಟೇಪು ಎಳೆದ. ಅವಳ ಮಂಚ ಸರಿಸಿದ. "ಈ ಗೋಡೆ ತೆಗೆದ್ರೆ ಒಳ್ಳೆ ಅಂಗಡಿಯಾಗುತ್ತೆ ಸಾರ್" ಎಂದ, ಅವಳು ಅಲ್ಲಿ ಇಲ್ಲವೇನೋ ಎಂಬ ಹಾಗೆ. ಅವರು ಹೋದ ಮೇಲೆ ನೋಡಿದರೆ ಬಾಗಿಲಿನಿಂದ ಅಡುಗೆಮನೆಯ ತನಕ ಬಿಳಿ ಬೂಟಿನ ಗುರುತು.

ಅವಳಿಗೆ ಏನು ಹಿಡಿಯಿತೋ. ಬಕೆಟ್ಟು ತುಂಬಿಸಿದಳು. ಸುರಿದಳು.

ಅರ್ಧ ಬಕೆಟ್ಟು ಹೋಗಿತ್ತು. ನೀರು ಗುರುತುಗಳ ಮೇಲೆ ಹಾಯ್ದು, ಸಂದಿಗೆ ಬಂದು, ಒಂದು ಕ್ಷಣ ನಿಂತು, ಸರಕ್ಕನೆ ಇಳಿಯಿತು. ಇಪ್ಪತ್ತಾರು ವರ್ಷ ಅದನ್ನು ನೋಡಿದ್ದಳು. ಅಂದು ಮಾತ್ರ ಅದು ಎಲ್ಲಿಗೆ ಹೋಗುತ್ತದೆ ಎಂದು ಗೊತ್ತಿತ್ತು. ಬಕೆಟ್ಟನ್ನು ಬಾಗಿಲಾಚೆ ಎಸೆದಳು. ಆಸ್ಪತ್ರೆಯಿಂದ ತಂದಿದ್ದ ಹರಕು ಹಾಸಿಗೆಬಟ್ಟೆಗಳನ್ನು ಬಾಚಿಕೊಂಡು ಹಿಂದಕ್ಕೆ ಓಡಿ, ಸಣ್ಣ ಬಾಗಿಲು ತೆಗೆದು, ಹೊಟ್ಟೆಯ ಮೇಲೆ ಮಲಗಿ ಒಳಗೆ ತೆವಳಿದಳು.

ಮೊದಲ ಸಲ. ಒಳಗೆ ಅಣಬೆಯ ವಾಸನೆ. ತಲೆಗೆ ತೊಲೆ ಬಡಿಯಿತು. ಕೊಳೆತ ತೊಲೆಯ ಮೈ ಚೌಕ ಚೌಕವಾಗಿ ಬಿರಿದು, ಅದರ ಮೇಲೆ ಹತ್ತಿಯಂಥ ಬಿಳಿ ಬೂಸ್ಟು. ಹನಿ ಬೀಳುತ್ತಿದ್ದಲ್ಲೆಲ್ಲ ಬಟ್ಟೆ ಒತ್ತಿದಳು. ಮರ ಒರೆಸಿದಳು, ಮಣ್ಣು ಒರೆಸಿದಳು. ಮಣ್ಣು ಒರೆಸುವವರುಂಟೆ? ಅವಳು ಒರೆಸಿದಳು. ಬಗ್ಗಿಕೊಂಡೇ ಬಯ್ಯುತ್ತಿದ್ದಳು. "ಒಂದು ಮಾತು. ಒಂದೇ ಒಂದು ಮಾತು ಆಡಿದ್ರೆ ಏನಾಗ್ತಿತ್ತು ನಿಮಗೆ?"

ಹಾಗೆ ಕೇಳುತ್ತಿರುವಾಗಲೇ ನೆನಪಾಯಿತು. ಆಡಿದ್ದ. ಎಂಟು ವರ್ಷದ ಹಿಂದೆ ಒಂದು ದಿನ ಊಟ ಮಾಡುತ್ತಾ, ತಟ್ಟೆ ನೋಡಿಕೊಂಡೇ, "ದಿನಾ ತೊಳೀಬೇಕಾ? ವಾರಕ್ಕೊಂದ್ಸಲ ಸಾಲದಾ?" ಎಂದಿದ್ದ. ಅದಕ್ಕೆ ಅವಳು, "ಡಿಪೋದ ಗ್ರೀಸು ಕಾಲಲ್ಲಿ ತರೋದು ನೀವು, ತೊಳೆಯೋದು ನಾನು, ನಿಮಗೇನು ಕಷ್ಟ?" ಎಂದು ತಟ್ಟೆ ಕುಕ್ಕಿದ್ದಳು. ಮೂರು ದಿನ ಮಾತು ಬಿಟ್ಟಿದ್ದಳು. ಅವನು ಮತ್ತೆ ಆ ವಿಷಯ ಎತ್ತಲಿಲ್ಲ.

ಅವಳು ಬಟ್ಟೆ ಹಿಡಿದುಕೊಂಡು ಹಾಗೇ ಮಲಗಿದ್ದಳು. ಸಿಟ್ಟು ಹೋಗಲಿಲ್ಲ. ಆದರೆ ಅದಕ್ಕೆ ಈಗ ಕೂರಲು ಒಂದೇ ಜಾಗ ಇರಲಿಲ್ಲ. ಅವನ ಮೇಲೆ ಸ್ವಲ್ಪ, ತನ್ನ ಮೇಲೆ ಸ್ವಲ್ಪ, ಬೂಟಿನವನ ಮೇಲೆ ಸ್ವಲ್ಪ.

ಉಳಿದ ಹನ್ನೊಂದು ದಿನ ಆಸ್ಪತ್ರೆಯಿಂದ ಬಂದ ಕೂಡಲೇ ಒಣ ಬಟ್ಟೆ ಹಿಡಿದು ಒಳಗೆ ತೆವಳುತ್ತಿದ್ದಳು. ಬಟ್ಟೆ ಒತ್ತುವುದು, ತೆಗೆಯುವುದು, ಬಿಸಿಲಿಗೆ ಹಾಕುವುದು. ಜಾಕಿನ ಹಿಡಿ ಒತ್ತಲು ಹೋದಳು. ಹೇಗೆಂದು ತಿಳಿಯಲಿಲ್ಲ, ಬಿಟ್ಟಳು.

*

ಮೂವತ್ತನೆಯ ದಿನ ಬಡಗಿಯೂ ಬಂದ, ಮೈದುನನೂ ಬಂದ. ಬಡಗಿ ಒಳಗೆ ಹೋಗುವ ಮೊದಲೇ ನೀರಕ್ಕ ಹೇಳಿಬಿಟ್ಟಳು.

"ಅರ್ಧ ಬಕೆಟ್ ಸುರಿದೆ ಮೇಸ್ತ್ರಿ. ಹತ್ತೊಂಬತ್ತನೇ ದಿನ."

"ಹೇಳಿರ್ಲಿಲ್ವಾ ನಾನು? ಕನ್ನಡದಲ್ಲೇ ಹೇಳಿದ್ದೆ ತಾನೆ?"

"ಹೇಳಿದ್ರಿ. ಸುರಿದೆ. ಆಮೇಲೆ ಒರೆಸಿದೆ. ಈಗ ನೋಡಿ ಹೇಳಿ. ಬೈಯೋದಾದ್ರೆ ನೋಡಿದ ಮೇಲೆ ಬೈರಿ."

ಮೈದುನ ಕೈಕಟ್ಟಿ ನಿಂತ. ಬಡಗಿ ಒಳಗೆ ಹೋದ. ಕೆಳಗಿನಿಂದ ಚುಚ್ಚುವ ಸದ್ದು ಬಂತು. ಟಕ್. ಟಕ್. ಮೊದಲ ದಿನ ಚುಚ್ಚಿದಾಗ ಸದ್ದಿರಲಿಲ್ಲ. ಬಹಳ ಹೊತ್ತು ಬಿಟ್ಟು ಬಡಗಿಯ ಕೈ ಮಾತ್ರ ಹೊರಗೆ ಬಂತು, ಹಿಡಿಯಲ್ಲಿ ಮಣ್ಣು. ಬೆರಳು ಬಿಚ್ಚಿದ. ಮಣ್ಣು ಪುಡಿಪುಡಿಯಾಗಿ ಉದುರಿತು.

"ಹೊಸ ತೊಲೆ ತರ್ತೀನಿ ನಾಳೆ," ಎಂದಿತು ಒಳಗಿನ ದನಿ.

"ಗ್ಯಾರಂಟಿ ಏನು?" ಎಂದು ಮೈದುನ ಬಗ್ಗಿ ಕೇಳಿದ.

"ಗ್ಯಾರಂಟಿ ನಾನಲ್ಲ ಸ್ವಾಮಿ. ನಿಮ್ಮ ಅತ್ತಿಗೆ."

ಆರು ದಿನ ಕೆಲಸ ನಡೆಯಿತು. ಮೂರು ತೊಲೆಗಳನ್ನು, ಕೊಳೆತದ್ದು ಮುಗಿದಲ್ಲಿಂದ ಇನ್ನೂ ಎರಡಡಿ ಆಚೆಗೆ ಕತ್ತರಿಸಿದ. ಗಟ್ಟಿ ಮರ ಯಾಕೆ ಕತ್ತರಿಸುತ್ತೀರಿ ಎಂದು ಅವಳು ಜಗಳ ತೆಗೆದಳು. ಬೂಸ್ಟಿನ ಬೇರು ಕಣ್ಣಿಗೆ ಕಾಣುವುದಕ್ಕಿಂತ ಮುಂದೆ ಹೋಗಿರುತ್ತದೆ ಎಂದ ಬಡಗಿ. ತೆಗೆದದ್ದನ್ನೆಲ್ಲ ಅಂಗಳದಲ್ಲೇ ಸುಟ್ಟ. ಹೊಸ ಮರದ ತುದಿಗಳನ್ನು ಔಷಧಿಯಲ್ಲಿ ಅದ್ದಿ, ಕಲ್ಲಿಗೂ ಮರಕ್ಕೂ ನಡುವೆ ಟಾರು ಹಾಳೆ ಇಟ್ಟು ಕೂರಿಸಿದ. ಮಣ್ಣಿನ ಮೇಲೆ ದಪ್ಪ ಪ್ಲಾಸ್ಟಿಕ್ಕು ಹಾಸಿದ. ಕಿಂಡಿಗಳಿಗೆ ಇಲಿ ಬಾರದ ಹಾಗೆ ಜಾಲರಿ ಹೊಡೆದ, ಗಾಳಿಗೆ ದಾರಿ ಬಿಟ್ಟ. ಕೊನೆಗೆ ಮೈದುನ ಅಡುಗೆಮನೆಯ ನಡುವೆ ನಿಂತು ಮೂರು ಸಲ ಜಿಗಿದ. ಅವನು ಸಣ್ಣ ಆಳಲ್ಲ. ನೆಲ ಜಗ್ಗಲಿಲ್ಲ.

"ಸರಿ ಬಿಡಿ," ಎಂದ. ಸಿಮೆಂಟಿನ ಮಾತು ಮತ್ತೆ ಎತ್ತಲಿಲ್ಲ.

ತಿಂಗಳಿಗೊಮ್ಮೆ ಒಳಗೆ ಹೋಗಿ ಪ್ರತಿ ತೊಲೆಯನ್ನೂ ಚುಚ್ಚಿ ನೋಡಬೇಕು ಎಂದು ಬಡಗಿ ಹೇಳಿ ಹೋಗಿದ್ದ. ಅವಳು ಅದನ್ನು ಭಾನುವಾರ ಮಧ್ಯಾಹ್ನಕ್ಕೆ ಇಟ್ಟುಕೊಂಡಳು, ಉಳಿದ ದಿನ ರಜೆಯಿಲ್ಲ ಎಂಬ ಕಾರಣಕ್ಕೆ. ಹಾಗೆ ಚುಚ್ಚಿ ನೋಡಲು ಮೊದಲ ಸಲ ಹೋದಾಗ ಮೇಲೆ ಹೆಜ್ಜೆ ಸದ್ದು ಕೇಳಿತು. ಕೋಣೆಯಿಂದ ಕೋಣೆಗೆ.

"ಅತ್ತಿಗೇ? ಎಲ್ಲಿದ್ದೀರಿ? ಬಾಗಿಲು ತೆರೆದಿಟ್ಟು ಎಲ್ಲಿ ಹೋದ್ರಿ?"

ಅವಳು ಮುಂದಿನ ತೊಲೆಯ ಕೆಳಗೆ ತೆವಳಿದಳು. ತಣ್ಣಗಿತ್ತು ಅಲ್ಲಿ. ಯಾರೂ ಏನೂ ಕೇಳುವಂತಿರಲಿಲ್ಲ. ಏಳು ವರ್ಷ ಇಲ್ಲೇ ಮಲಗಿ, ಮೇಲೆ ತಾನು ಪೊರಕೆ ಎಳೆಯುವ ಸದ್ದನ್ನು ಅವನು ಕೇಳಿಸಿಕೊಂಡಿರಬೇಕು. ಮುಖದ ಮೇಲೆ ನೀರೂ ಬಿದ್ದಿರಬೇಕು. ಆಗಲಾದರೂ ಒಂದು ಸಲ ಕೂಗಬಾರದಿತ್ತೇ? ಹಾಳಾದವನು.

ಮೇಲಿನ ಸಂದಿನಿಂದ ಧೂಳು ಉದುರಿ ಕಣ್ಣಿಗೆ ಬಿತ್ತು.

"ಕೆಳಗಿದ್ದೀನಪ್ಪಾ!" ಎಂದು ಕೂಗಿದಳು. "ಕಾಲು ಮೆಲ್ಲಗಿಡು, ಕಣ್ಣೆಲ್ಲ ಮಣ್ಣಾಯ್ತು ನನಗೆ."

"ಅಯ್ಯೋ, ಕೆಳಗೇನು ಮಾಡ್ತಿದ್ದೀರಿ? ಬನ್ನಿ ಮೇಲೆ."

"ಇನ್ನೂ ನಾಲ್ಕು ತೊಲೆ ಬಾಕಿ ಇದೆ. ಕೂತ್ಕೊಂಡಿರು," ಎಂದು ಹೇಳಿ ಸ್ಕ್ರೂಡ್ರೈವರ್ ಎತ್ತಿಕೊಂಡಳು.